ಬಾಯಿಗೆ ಬಿಟ್ಟ ನೀರು

ಆ ದಿನ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ನನ್ನ ಪಾಲಿಗೆ ಇಬ್ಬರು ಬಂದರು. ಒಬ್ಬಳು ಸತ್ತಿದ್ದಳು, ಒಬ್ಬ ಬದುಕಿದ್ದ. ಸತ್ತವಳನ್ನು ಬಹಳ ಚೆನ್ನಾಗಿ ನೋಡಿದೆ. ಬದುಕಿದ್ದವನನ್ನು ಸರಿಯಾಗಿ ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳೋಣವೆಂದರೆ ಧೈರ್ಯ ಸಾಲದೆ ಹೋಗಬಹುದು.

ಚಿಂತಾಮಣಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಗ ನಾನು ವೈದ್ಯಾಧಿಕಾರಿ. ಹೆರಿಗೆ, ಹಾವು ಕಡಿತ, ಬೈಕ್ ಅಪಘಾತ, ಶವಪರೀಕ್ಷೆ ಎಲ್ಲವೂ ನನ್ನದೇ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನರ್ಸುಗಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಸತ್ತವಳು ಗಾಯಕಿ. ನಾಟಕದ ಪದ, ತತ್ವಪದ, ಭಜನೆ, ಕನ್ನಡದಲ್ಲಿ ಒಂದು ತೆಲುಗಿನಲ್ಲಿ ಒಂದು ಎಂದು ಬೆರೆಸಿ ಹಾಡುತ್ತಿದ್ದವಳು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಅವಳ ದನಿ ಇಲ್ಲದ ಆಟೋ ಇರಲಿಲ್ಲ. ಗೌರಿಬಿದನೂರಿನಲ್ಲಿ ನಿವೃತ್ತ ಟೀಚರಾದ ನಮ್ಮಮ್ಮ ಪಾತ್ರೆ ತೊಳೆಯುವಾಗ ಅವಳ ಹಾಡನ್ನೇ ಹಾಕಿಕೊಳ್ಳುತ್ತಿದ್ದರು. ಅಮ್ಮನ ಮನೆಯಿಂದ ಮರಳುವ ಸೋಮವಾರ ಬೆಳಗಿನ ಬಸ್ಸಿನಲ್ಲಿ ನನ್ನ ಕಿವಿಗೂ ಅವಳೇ. ನಮ್ಮ ಶವಾಗಾರದ ಸಹಾಯಕ, ಇಪ್ಪತ್ತೈದು ವರ್ಷದಿಂದ ಹೆಣ ಕೊಯ್ಯಲು ನೆರವಾದವನು, ಬೆಳಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನಮ್ಮ ಪಾಟಲಮ್ಮನ್ನ ಚಂಪೇಶಾರಂಟ" ಅಂದ. ಹಾಡಮ್ಮನನ್ನು ಕೊಂದುಬಿಟ್ಟರಂತೆ ಎಂದು. ಅವನಿಗೆ ದುಃಖ ಬಂದರೆ ತೆಲುಗೇ ಬರುವುದು.

ಅಂಬಾಜಿದುರ್ಗದ ಬುಡದಲ್ಲಿ ಅವಳದೊಂದು ತೋಟದ ಮನೆ. ಅಭ್ಯಾಸ ಮಾಡುವುದು ಅಲ್ಲೇ. ಹೆಣವನ್ನು ಮೊದಲು ಕಂಡದ್ದು ಅವಳ ಹಾರ್ಮೋನಿಯಂ ಮೇಷ್ಟ್ರು. ಅವಳಿಗೆ ಹದಿನಾರು ವರ್ಷವಿದ್ದಾಗ ಸರಿಗಮ ಹೇಳಿಕೊಟ್ಟವರು, ಇಪ್ಪತ್ತೆರಡು ವರ್ಷ ಅವಳ ಎಡಗಡೆ ಕೂತು ಬಾರಿಸಿದವರು. ಅವರಿಲ್ಲದೆ ಅವಳು ವೇದಿಕೆ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಹಿಂದಿನ ಸಂಜೆ ಆರಕ್ಕೆ ಶಿಡ್ಲಘಟ್ಟದ ಕಾರ್ಯಕ್ರಮ ಮುಗಿಸಿ ಅವಳನ್ನು ಮನೆಗೆ ಬಿಟ್ಟು, ತಾವು ಬಸ್ಸು ಹಿಡಿದು ನಗರಗೆರೆಯ ತಮ್ಮ ಮನೆಗೆ ಹೋದುದಾಗಿ ಹೇಳಿದರು. ಬೆಳಗ್ಗೆ ಎಂಟಕ್ಕೆ ಬಂದು ನೋಡಿದರೆ ಬಾಗಿಲು ತೆಗೆದಿತ್ತಂತೆ, ನಡುಮನೆಯಲ್ಲಿ ಬಿದ್ದಿದ್ದಳಂತೆ. "ನೋಡಿದ್ರೇ ಗೊತ್ತಾಗ್ತಿತ್ತು, ಮೈ ಮರ ಆಗಿತ್ತು ಸಾರ್. ಕೈಯಿಡೋಕೆ ಧೈರ್ಯ ಬರ್ಲಿಲ್ಲ, ಮುಟ್ಟೇ ಇಲ್ಲ" ಎಂದು ಪೊಲೀಸರಿಗೆ ಬರೆಸಿ ಸಹಿ ಹಾಕಿದ್ದರು. ಆ ಹೇಳಿಕೆಯ ಪ್ರತಿ ಪಂಚನಾಮೆಯ ಜೊತೆ ನನ್ನ ಮೇಜಿಗೆ ಬಂತು.

ಕೊಂದವನು ಯಾರೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಿಟ್ಟ ಗಂಡ ಇದ್ದನಲ್ಲ. ಚಿಂತಾಮಣಿಯಲ್ಲಿ ಟೆಂಪೋ ಓಡಿಸುವವನು, ಕುಡುಕ. ಶಿಡ್ಲಘಟ್ಟದ ಕಾರ್ಯಕ್ರಮದ ಜಾಗಕ್ಕೂ ಕುಡಿದು ಬಂದು, ನೂರಾರು ಜನದ ಮುಂದೆ "ನಿನ್ನ ಗಂಟ್ಲು ಅದುಮಿಬಿಡ್ತೀನಿ ಕಣೇ" ಎಂದು ಕೂಗಿದ್ದ. ಅದನ್ನು ಮೊಬೈಲಿನಲ್ಲಿ ಹಿಡಿದವರೂ ಇದ್ದರು. ಒಂಬತ್ತು ಗಂಟೆಗೆ ಆ ವಿಡಿಯೋ ನನ್ನ ಫೋನಿಗೂ ಬಂತು.

ಪೊಲೀಸರು ಅವನನ್ನು ಹಿಡಿಯುವ ಮೊದಲೇ ಜನ ಹಿಡಿದಿದ್ದರು. ಟೆಂಪೋ ನಿಲ್ದಾಣದಲ್ಲಿ ಕೆಳಗೆಳೆದು, ದೊಣ್ಣೆ, ಕಬ್ಬಿಣದ ಜಾಕಿ ಹಿಡಿ, ಕಾಲಲ್ಲಿದ್ದ ಚಪ್ಪಲಿ, ಸಿಕ್ಕಿದ್ದರಲ್ಲಿ ಹೊಡೆದಿದ್ದರು. ಜೀಪಿನಿಂದ ಇಳಿಸಿದಾಗ ತಲೆಯ ಚರ್ಮ ಹಣೆಯ ಮೇಲಿಂದ ಕಿತ್ತು ಕಿವಿಯ ಹತ್ತಿರ ಜೋತಾಡುತ್ತಿತ್ತು. ಎಡಗೈಯ ಎರಡು ಬೆರಳು ಹಿಂದಕ್ಕೆ ಬಾಗಿದ್ದವು. ಹಿಂದೆಯೇ ಗುಂಪು ಬಂತು. ತುರ್ತು ಚಿಕಿತ್ಸೆ ಕೋಣೆಯ ಕಿಟಕಿಗೆ ಮೊದಲ ಕಲ್ಲು ಬಿದ್ದಾಗ ನಾನು ಸೂಜಿಗೆ ದಾರ ಹಾಕುತ್ತಿದ್ದೆ. ಗಾಜು ಅವನ ಎದೆಯ ಮೇಲೂ ನನ್ನ ಬೂದು ಬಣ್ಣದ ಸೀರೆಯ ಮೇಲೂ ಉದುರಿತು.

"ಅವನಿಗೆ ಯಾಕಮ್ಮ ಹೊಲಿಗೆ, ಹೊರಗೆ ಬಿಡು" ಎಂದು ಕಿಟಕಿಯಿಂದ ಒಬ್ಬ ಹೆಂಗಸು ಕೂಗಿದಳು. ನಮ್ಮಮ್ಮನ ವಯಸ್ಸಿನವಳು, ಹಣೆ ತುಂಬ ಕುಂಕುಮ. ಅವಳ ಕೈಯಲ್ಲೂ ಕಲ್ಲಿತ್ತು.

ಹೊಲಿದೆ. ಇಪ್ಪತ್ತೊಂದು ಹೊಲಿಗೆ. ಬೆರಳುಗಳಿಗೆ ಪಟ್ಟಿ ಕಟ್ಟುವ ಮೊದಲು ಕೈ ತೊಳೆದೆ. ಉದ್ದುದ್ದ ಉಗುರು, ಒಡೆದಿದ್ದವು, ಸಂದಿಯಲ್ಲಿ ಗ್ರೀಸು. ಮರಗಟ್ಟಿಸುವ ಔಷಧವನ್ನು ಸಾಕಷ್ಟು ಕೊಟ್ಟೆನೇ ಎಂದು ಈಗ ಕೇಳಿಕೊಂಡರೆ ಖಚಿತವಿಲ್ಲ. ಅವನ ಬಾಯಿಂದ ಹಿಂದಿನ ದಿನದ ಸಾರಾಯಿ ವಾಸನೆ ಬರುತ್ತಿತ್ತು. ನನಗೆ ಅವನ ಮೇಲೆ ಎಂಥ ಅಸಹ್ಯವಿತ್ತೆಂದರೆ, ಸೂಜಿ ಚುಚ್ಚಿದಾಗ ಅವನು ಮುಲುಗಿದರೆ ಒಂದು ಥರದ ಸಮಾಧಾನ ಆಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಗೇ ಇತ್ತು.

"ಮೇಡಂ, ಹೊಟ್ಟೆ ನೋಯ್ತಾ ಐತೆ. ಎಡಗಡೆ" ಅಂದ.

"ಕುಡಿದ್ರೆ ನೋಯದೆ ಇನ್ನೇನಾಗತ್ತೆ. ಸುಮ್ನೆ ಮಲಗು."

"ನಾನು ಏನೂ ಮಾಡಿಲ್ಲ ಮೇಡಂ."

"ಅದನ್ನ ಪೊಲೀಸರಿಗೆ ಹೇಳಪ್ಪ."

ಕೈಯನ್ನು ಹೊಟ್ಟೆಯ ಮೇಲೆ ಒಂದು ಸಲ ಇಟ್ಟೆ. ಮೆತ್ತಗಿತ್ತು. ರಕ್ತದೊತ್ತಡ ಸುಮಾರಾಗಿತ್ತು. ಅರ್ಧ ಗಂಟೆಗೊಮ್ಮೆ ನೋಡಿ ಬರೆಯಿರಿ ಎಂದು ನರ್ಸಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೊರಗೆ ಇನ್‌ಸ್ಪೆಕ್ಟರು ಗಡಿಯಾರ ನೋಡುತ್ತಿದ್ದರು. "ಮೇಡಂ, ಪೋಸ್ಟ್‌ಮಾರ್ಟಂ ಬೇಗ ಮುಗಿಸಿ. ಬಾಡಿ ಹೋದ್ರೇನೇ ಜನ ಹೋಗೋದು." ನಾನು ಕೈಗವಸು ಬದಲಿಸಿ ಶವಾಗಾರಕ್ಕೆ ನಡೆದೆ.

ಹೊಸಬರಿಗೆ ನಾನು ಹೇಳುವುದು ಒಂದೇ ಮಾತು: ಕುತ್ತಿಗೆ ಅದುಮಿದ ಅನುಮಾನ ಇದ್ದರೆ ಕುತ್ತಿಗೆಯನ್ನು ಕೊನೆಗೆ ಮುಟ್ಟಿ. ಮೊದಲು ತಲೆ, ಆಮೇಲೆ ಎದೆ, ಹೊಟ್ಟೆ. ರಕ್ತವೆಲ್ಲ ಬಸಿದು ಹೋದಮೇಲೆ ಕುತ್ತಿಗೆ ತೆರೆದರೆ ಒಳಗಿನ ಗಾಯ ಗಾಯವಾಗಿಯೇ ಕಾಣುತ್ತದೆ. ಮೊದಲೇ ಕೊಯ್ದರೆ ನಮ್ಮ ಚಾಕುವಿನ ರಕ್ತವೂ ಕೊಂದವನ ರಕ್ತವೂ ಬೆರೆತುಹೋಗುತ್ತವೆ.

ಅವಳು ಹಳದಿ ರೇಷ್ಮೆ ಸೀರೆಯಲ್ಲೇ ಇದ್ದಳು. ತಲೆಯ ಹಿಂದೆ ಒಡೆದಿತ್ತು, ಗೋಡೆಗೆ ಅಪ್ಪಳಿಸಿದ ಹಾಗೆ, ಒಂದಲ್ಲ ಎರಡು ಸಲ. ಮುಖ ಊದಿ ಕಪ್ಪಿಟ್ಟಿತ್ತು. ಕಣ್ಣಿನ ಬಿಳಿಯಲ್ಲಿ ಸಾಸಿವೆ ಚೆಲ್ಲಿದಂತೆ ರಕ್ತದ ಚುಕ್ಕೆಗಳು. ಆದರೆ ರೆಪ್ಪೆಗಳು ಮುಚ್ಚಿದ್ದವು, ಸೆರಗು ಮೊಣಕಾಲಿನವರೆಗೆ ಸರಿಯಾಗಿ ಹೊದಿಸಿತ್ತು. ಇಡೀ ಮೈ ಸೆಟೆದಿತ್ತು. ಹೊಟ್ಟೆಯಲ್ಲಿ ಸಂಜೆ ತಿಂದ ಅವಲಕ್ಕಿ ಹೆಚ್ಚು ಕಮ್ಮಿ ಹಾಗೇ ಇತ್ತು. ಸತ್ತದ್ದು ಸಂಜೆ ಏಳು ಎಂಟರ ಆಸುಪಾಸು ಎಂದು ಅಂದಾಜು ಬರೆದುಕೊಂಡೆ.

ಕೊನೆಗೆ ಕುತ್ತಿಗೆ. ಪದರ ಪದರವಾಗಿ ಬಿಡಿಸಿದೆ. ಸ್ನಾಯುಗಳ ಒಳಗೆ ಹೆಬ್ಬೆರಳ ಅಗಲದ ಕಪ್ಪು ಗುರುತು ಎರಡು ಕಡೆ, ನಾಲಿಗೆಯ ಬುಡದ ಸಣ್ಣ ಮೂಳೆ ಬಲಗಡೆ ಮುರಿದಿತ್ತು, ಧ್ವನಿಪೆಟ್ಟಿಗೆಯ ಮೇಲಿನ ಮೃದ್ವಸ್ಥಿ ಸೀಳಿತ್ತು. ಇದೇ ಗಂಟಲು, ಸೋಮವಾರದ ಬಸ್ಸಿನಲ್ಲಿ ನನ್ನ ಜೊತೆ ಬರುತ್ತಿದ್ದದ್ದು. ಅಷ್ಟು ಬಲವಾಗಿ ಅದುಮಿದವನು ಬೇಗ ಬಿಟ್ಟಿರಲಾರ. ಎರಡು ಮೂರು ನಿಮಿಷ ಹಿಡಿದುಕೊಂಡೇ ಇದ್ದಾನೆ, ಅವಳ ಮುಖ ನೋಡುತ್ತ. ಒಂದು ಗಳಿಗೆ ಚಾಕು ಕೆಳಗಿಟ್ಟೆ.

ಹೊರಚರ್ಮವನ್ನು ಮತ್ತೆ ಭೂತಗನ್ನಡಿಯಲ್ಲಿ ನೋಡಿದೆ. ಬೆರಳ ಗುರುತಿತ್ತು, ಒಂದೇ ಒಂದು ಉಗುರಿನ ಗೀರು ಇರಲಿಲ್ಲ. ಆಗ ಆ ಟೆಂಪೋದವನ ಒಡಕು ಉಗುರು ನೆನಪಾಯಿತು. ಆ ಕೈ ಹೀಗೆ ಅದುಮಿದ್ದರೆ ಚರ್ಮ ಉಳಿಯುತ್ತಿರಲಿಲ್ಲ. ಅವನ ಉಗುರು ನೆನಪಾಯಿತೇ ಹೊರತು ಹೊಟ್ಟೆ ನೆನಪಾಗಲಿಲ್ಲ.

"ಬಾಯಿ ತೆಗಿಯಪ್ಪ" ಎಂದೆ ಸಹಾಯಕನಿಗೆ.

ದವಡೆ ಕಚ್ಚಿಕೊಂಡಿತ್ತು. ಸತ್ತ ಮೂರು ನಾಲ್ಕು ಗಂಟೆಯೊಳಗೇ ದವಡೆ ಬಿಗಿಯುತ್ತದೆ, ಆಮೇಲೆ ಅದನ್ನು ಬಿಡಿಸುವುದು ಸುಲಭವಲ್ಲ. ಅವನು ಎರಡೂ ಕೈ ಹಾಕಿ ಬೆವರಿಳಿಸಿಕೊಂಡು ತೆರೆದ. ಬಗ್ಗಿ ನೋಡಿದವನು ದೀಪವನ್ನು ಹತ್ತಿರಕ್ಕೆ ಎಳೆದ.

"ಅಮ್ಮಾ, ಇಟು ಚೂಡಂಡಿ." ಇಲ್ಲಿ ನೋಡಿ ಎಂದು.

ನಾಲಿಗೆಯ ಹಿಂದೆ, ಗಂಟಲಿಗೆ ಅಂಟಿದಂತೆ ತುಳಸಿಯ ಕುಡಿ. ನಾಲ್ಕು ಎಲೆ, ಒಂದು ಪುಟ್ಟ ತೊಟ್ಟು. ಒಂದೂ ಹಲ್ಲಿಗೆ ಸಿಕ್ಕಿರಲಿಲ್ಲ. ಅದರ ಸುತ್ತ ಇನ್ನೂ ತೇವ.

ನಮ್ಮ ಕಡೆ ಹೋಗುವ ಜೀವಕ್ಕೆ ತುಳಸಿ ಹಾಕಿದ ನೀರು ಬಿಡದೆ ಕಳಿಸುವುದಿಲ್ಲ. ಮಗ ಬಿಡುತ್ತಾನೆ, ಗಂಡ ಬಿಡುತ್ತಾನೆ, ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರು ಬಿಡುತ್ತಾರೆ. ಯಾರೋ ಇವಳನ್ನು ಕೊಂದು, ದವಡೆ ಬಿಗಿಯುವ ಮೊದಲು ತುಳಸಿ ನೀರು ಬಿಟ್ಟು, ಕಣ್ಣು ಮುಚ್ಚಿ, ಸೆರಗು ಹೊದಿಸಿ ಹೋಗಿದ್ದರು.

ಇನ್‌ಸ್ಪೆಕ್ಟರನ್ನು ಒಳಗೆ ಕರೆದು ತೋರಿಸಿದೆ. ಅವರು ಮೂಗಿಗೆ ಕರವಸ್ತ್ರ ಹಿಡಿದು, "ಹಾಡೋರು ತುಳಸಿ ಅಗೀತಾರಲ್ವಾ ಮೇಡಂ, ಗಂಟ್ಲಿಗೆ" ಎಂದರು.

"ಅಗಿದಿಲ್ಲ. ನೋಡಿ, ಕುಡಿ ಹಾಗೇ ಇದೆ."

"ಹಂಗಾದ್ರೆ ಗಂಡನೇ ಬಿಟ್ಟಿರ್ತಾನೆ. ಕುಡುಕ್ರಿಗೂ ಆಮೇಲೆ ಕರುಳು ಚುರುಕ್ ಅನ್ನತ್ತೆ."

"ಉಗುರು?"

"ಉಗುರಿನ ಮೇಲೆ ಕೇಸ್ ನಿಲ್ಲತ್ತಾ ಮೇಡಂ. ಎಸ್ಪಿ ಸಾಹೇಬ್ರು ಮೂರು ಸಲ ಫೋನ್ ಮಾಡಿದಾರೆ."

ಸಿಟ್ಟು ಬಂತು, ಆದರೆ ಅವರು ಹೇಳಿದ್ದು ತಪ್ಪೂ ಅಲ್ಲ. ಕುಡಿಯನ್ನು ಸೀಸೆಗೆ ಹಾಕಿ, ಮೊಹರು ಮಾಡಿ, ವರದಿಯಲ್ಲಿ ಒಂದು ಸಾಲು ಬರೆದೆ. ದೇಹ ಹೊಲಿದು, ತೊಳೆದು, ಬಿಳಿ ಬಟ್ಟೆ ಹೊದಿಸಿದೆವು. ಸಹಾಯಕ ಆ ದಿನ ಯಾವತ್ತಿಗಿಂತ ಸಣ್ಣ ಹೊಲಿಗೆ ಹಾಕಿದ.

ಎರಡು ಗಂಟೆಗೆ ಶವಾಗಾರದ ಜಗುಲಿಯಲ್ಲಿ ದೇಹ ಒಪ್ಪಿಸಿದೆವು. ಗೇಟಿನ ಆಚೆ ಜನ ಕಿಕ್ಕಿರಿದಿದ್ದರು, ಒಳಗೆ ಮನೆಯವರನ್ನಷ್ಟೇ ಬಿಟ್ಟಿದ್ದರು. ಗಾಯಕಿಯ ತಾಯಿ, ಅಕ್ಕ, ಇಬ್ಬರು ಮಾವಂದಿರು, ಮತ್ತೆ ಮೇಷ್ಟ್ರು. ಬಿಳಿ ಪಂಚೆ, ತೆಳ್ಳನೆ ಮೈ, ಅತ್ತು ಅತ್ತು ಕಣ್ಣು ಕೆಂಪು. ತಾಯಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದದ್ದೇ ಅವರು. ಅಕ್ಕ ಹಿತ್ತಾಳೆ ಚೊಂಬಿನಲ್ಲಿ ತುಳಸಿ ನೀರು ತಂದಿದ್ದಳು.

ತಾಯಿ ಮಗಳ ಮುಖ ನೋಡಿದರು, ಅಕ್ಕನ ಕೈಯಿಂದ ಚೊಂಬು ತೆಗೆದುಕೊಂಡರು. ಆಮೇಲೆ ಚೊಂಬನ್ನು ಮೇಷ್ಟ್ರ ಕಡೆ ಚಾಚಿದರು. "ಮೇಷ್ಟ್ರೇ, ಮೊದ್ಲು ನೀವು ಬಿಡಿ. ಅವ್ಳಿಗೆ ಅಪ್ಪನೂ ನೀವೇ ಗುರುನೂ ನೀವೇ."

"ನಂದು ಆಗಿದೆ ಅಮ್ಮ" ಅಂದರು ಮೇಷ್ಟ್ರು. "ನೀವು ಬಿಡಿ."

"ಯಾವಾಗಪ್ಪ?" ತಾಯಿಯ ದನಿಯಲ್ಲಿ ಅನುಮಾನ ಇರಲಿಲ್ಲ. ಬರೀ ಕೇಳಿದರು.

ಮೇಷ್ಟ್ರು ಚೊಂಬಿನಿಂದ ಕಣ್ಣೆತ್ತಲಿಲ್ಲ. "ಬೆಳಗ್ಗೆ. ಬೆಳಗ್ಗೆ ನೋಡ್ದಾಗ."

ಬೆಳಗ್ಗೆ ಎಂಟಕ್ಕೆ ಆ ಬಾಯಿಗೆ ನೀರಲ್ಲ, ಸೂಜಿಯೂ ಹೋಗುತ್ತಿರಲಿಲ್ಲ. ಮೈ ಮರವಾಗಿತ್ತು, ಮುಟ್ಟೇ ಇಲ್ಲ ಎಂದು ಬರೆಸಿಕೊಟ್ಟವರೂ ಇವರೇ. ನಾನು ಅವರ ಕೈ ನೋಡಿದೆ. ಹಾರ್ಮೋನಿಯಂ ಕೀಗಳ ಮೇಲೆ ಸದ್ದಾಗಬಾರದೆಂದು ಬೆರಳ ತುದಿಯ ಮಾಂಸದವರೆಗೆ ಕತ್ತರಿಸಿದ ಉಗುರುಗಳು. ಸಹಾಯಕನೂ ಅದನ್ನೇ ನೋಡುತ್ತಿದ್ದ.

ಬಾಯಿಗೆ ಬಂದದ್ದನ್ನು ಆಡುವುದು ನನ್ನ ಜಾಯಮಾನ. ಆದರೆ ಗೇಟಿನಾಚೆ ಬೆಳಗ್ಗೆ ಕಲ್ಲು ಹಿಡಿದಿದ್ದ ಆ ಹೆಂಗಸು ಇನ್ನೂ ನಿಂತಿದ್ದಳು. ಒಂದು ಮಾತು ಆಚೆ ಹೋದರೆ ಈ ಜಗುಲಿಯ ಮೇಲೇ ಇನ್ನೊಂದು ಹೆಣ ಬೀಳುತ್ತಿತ್ತು. ಬೆಳಗ್ಗೆ ಒಬ್ಬನನ್ನು ಹೇಗೆ ಬಡಿದಿದ್ದರೆಂದು ನನ್ನ ಕೈಯಾರೆ ಹೊಲಿದು ನೋಡಿದ್ದೆ. ನಾಲಿಗೆ ಬಿಗಿಹಿಡಿದೆ.

"ಮೇಷ್ಟ್ರೇ, ಒಂದು ಸಹಿ ಬಾಕಿ ಇದೆ. ಸ್ವಲ್ಪ ಒಳಗೆ ಬನ್ನಿ" ಎಂದೆ. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರಿಗೂ ಕಣ್ಣಲ್ಲೇ ಹೇಳಿದೆ.

ಒಳಗೆ ಬಂದಮೇಲೆ ಸಹಾಯಕ ಅಗುಳಿ ಹಾಕಿದ. ನಾನು ಸೀಸೆಯನ್ನು ಮೇಜಿನ ಮೇಲಿಟ್ಟೆ. ಮೇಷ್ಟ್ರು ಸೀಸೆಯನ್ನು ನೋಡಿದರು, ಕಲ್ಲುಮೇಜನ್ನು ನೋಡಿದರು, ಅಲ್ಲೇ ನೆಲದ ಮೇಲೆ ಕುಸಿದು ಕೂತರು.

"ಬೆಂಗ್ಳೂರಿನ ಹುಡುಗರು ಕೀಬೋರ್ಡ್ ತರ್ತಾರೆ, ಇನ್ಮೇಲೆ ಹಾರ್ಮೋನಿಯಂ ಬೇಡ ಮೇಷ್ಟ್ರೇ ಅಂದ್ಲು. ನಗ್ತಾ ಅಂದ್ಲು. ಬಾಯ್ಮುಚ್ಚು ಅಂದೆ. ಮುಚ್ಲಿಲ್ಲ. ಆ ಗಂಟ್ಲು ನಾನು ಮಾಡಿದ್ದು ಸಾರ್. ಒಂದೊಂದು ಸ್ವರನೂ ನಾನು ಕೂರ್ಸಿದ್ದು."

ಇನ್‌ಸ್ಪೆಕ್ಟರು ಕೇಳಿದರು, "ಆಮೇಲೆ ತುಳಸಿ?"

ಮೇಷ್ಟ್ರು ಅವರನ್ನು, ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದರು. "ಒಣಗಿದ ಬಾಯಲ್ಲಿ ಕಳ್ಸಕ್ಕಾಗತ್ತಾ ಸಾರ್. ಕಟ್ಟೆಯಿಂದ ಕಿತ್ಕೊಂಡ್ ಬಂದು ನಾನೇ ಬಿಟ್ಟೆ."

ಅವರನ್ನು ಹಿಂದಿನ ಬಾಗಿಲಿಂದ ಜೀಪಿಗೆ ಹತ್ತಿಸಿದರು. ಮುಂದೆ ಗೇಟಿನಲ್ಲಿ ಜನ ಗಂಡನ ಹೆಸರು ಹಿಡಿದು ಬೈಯುತ್ತಲೇ ಇದ್ದರು. ನಾನು ಗೋಡೆಗೆ ಒರಗಿ ನಿಂತು, ಒಳ್ಳೇ ಕೆಲಸ ಮಾಡಿದೆ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ನರ್ಸು ಓಡಿಬಂದಳು.

"ಮೇಡಂ, ಆ ಗಂಡ. ಬೆಳ್ಳಗಾಗ್ಬಿಟ್ಟಿದಾನೆ."

ಹೊಟ್ಟೆ ಹಲಗೆಯಾಗಿತ್ತು. ನಾಡಿ ದಾರದ ಹಾಗೆ, ಎಣಿಸಲಾಗದಷ್ಟು ವೇಗ. ಎಡಗಡೆ ಕೊನೆಯ ಪಕ್ಕೆಲುಬಿನ ಮೇಲೆ, ಬೆಳಗ್ಗೆ ನಾನು ಅಂಗಿ ಎತ್ತಿ ನೋಡದೇ ಬಿಟ್ಟ ಜಾಗದಲ್ಲಿ, ಗುಂಪಿನಲ್ಲಿ ಯಾರೋ ಒದ್ದ ಬೂಟಿನ ಗುರುತು. ಅದರಡಿಯ ಗುಲ್ಮ, ಸ್ಪ್ಲೀನು, ಒಡೆದು ನಾಲ್ಕು ಗಂಟೆಗಳಿಂದ ಒಳಗೊಳಗೇ ರಕ್ತ ಸುರಿಯುತ್ತಿತ್ತು. ನಮ್ಮಲ್ಲಿ ಅಂದು ಶಸ್ತ್ರಚಿಕಿತ್ಸಕರಿಲ್ಲ, ಅವನ ಗುಂಪಿನ ರಕ್ತವಿಲ್ಲ. ಎರಡೂ ಕೈಗೆ ಸಲೈನ್ ಚುಚ್ಚಿ ಆಂಬುಲೆನ್ಸಿಗೆ ಹಾಕಿ, ಚಿಕ್ಕಬಳ್ಳಾಪುರಕ್ಕೆ ಫೋನ್ ಮಾಡಿಸಿ, ನಾನೂ ಹತ್ತಿದೆ.

"ನೀರು ಮೇಡಂ" ಅಂದ, ಊರು ದಾಟುತ್ತಿದ್ದಂತೆ.

"ಈಗ ಕೊಡಬಾರದಪ್ಪ. ಆಪರೇಷನ್ ಇದೆ."

"ಒಂದ್ ಗುಟುಕು."

"ಇನ್ನು ಸ್ವಲ್ಪ ಹೊತ್ತು. ತಡ್ಕೋ."

ಹೊಟ್ಟೆಯ ಗಾಯಕ್ಕೆ ಬಾಯಿಂದ ಏನೂ ಕೊಡಬಾರದು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ನನ್ನ ಚೀಲದಲ್ಲಿ ನೀರಿನ ಬಾಟಲಿ ಇತ್ತು. ಅವನ ಕಣ್ಣು ಅದರ ಮೇಲೇ ಇತ್ತು.

ಶಿಡ್ಲಘಟ್ಟದಲ್ಲಿ ರಸ್ತೆ ತಡೆ. ಟೈರಿಗೆ ಬೆಂಕಿ, ಅವಳ ದೊಡ್ಡ ಚಿತ್ರಕ್ಕೆ ಹಾರ, ಧ್ವನಿವರ್ಧಕದಲ್ಲಿ ಅವಳ ಹಾಡು. ಗಂಡನನ್ನು ಗಲ್ಲಿಗೇರಿಸಬೇಕೆಂದು ಕೂಗುತ್ತಿದ್ದರು. ಒಬ್ಬ ಆಂಬುಲೆನ್ಸಿನ ಗಾಜಿಗೆ ಅಂಗೈ ಬಡಿದ.

"ಯಾರಿದಾರೆ ಒಳ್ಗೆ?"

ನಾನು ಹೊದಿಕೆಯನ್ನು ಅವನ ಮೂಗಿನವರೆಗೆ ಎಳೆದೆ. "ಬೈಕ್ ಆಕ್ಸಿಡೆಂಟು. ದಾರಿ ಬಿಡಪ್ಪ, ಉಳಿಯಲ್ಲ ಹುಡುಗ."

"ಪಾಪ. ಏಯ್, ಜಾಗ ಬಿಡ್ರೋ." ಟೈರು ಎಳೆದು ದಾರಿ ಮಾಡಲು ಹತ್ತು ನಿಮಿಷವಾಯಿತು. ಆ ಹತ್ತು ನಿಮಿಷವೂ ಹೊದಿಕೆಯ ಕೆಳಗಿಂದ ಅವನು ಅವಳ ಹಾಡನ್ನು ಕೇಳುತ್ತಿದ್ದ. ಏನೋ ಹೇಳಿದ. ಬಗ್ಗಿದೆ.

"ಚೆನ್ನಾಗ್ ಹಾಡ್ತಾಳೆ" ಅಂದ.

"ಅವಳನ್ನ ಕೊಂದಿದ್ದು ನೀನಲ್ಲ ಅಂತ ಗೊತ್ತಾಗಿದೆ ಕಣಪ್ಪ. ಮೇಷ್ಟ್ರು ಒಪ್ಕೊಂಡ್ರು" ಎಂದೆ. ಕೇಳಿಸಿತೋ ಇಲ್ಲವೋ ತಿಳಿಯದು. ಮತ್ತೆ ನೀರು ಕೇಳಿದ. ಕೊಡಲಿಲ್ಲ. ಚಿಕ್ಕಬಳ್ಳಾಪುರ ಇನ್ನೂ ನಾಲ್ಕು ಮೈಲಿ ಇದ್ದಾಗ ನಾಡಿ ನಿಂತಿತು. ಎದೆ ಒತ್ತುತ್ತಲೇ ಹೋದೆ, ಆಸ್ಪತ್ರೆಯ ಬಾಗಿಲವರೆಗೂ. ಒಂದು ಪಕ್ಕೆಲುಬು ನನ್ನ ಅಂಗೈ ಕೆಳಗೆ ಮುರಿಯಿತು.

ಚಿಕಿತ್ಸೆ ಕೊಟ್ಟ ವೈದ್ಯರೇ ಶವಪರೀಕ್ಷೆ ಮಾಡುವಂತಿಲ್ಲ. ಅವನದನ್ನು ಬೇರೆಯವರು ಮಾಡಿದರು. ನಾನು ಬರೆದುಕೊಟ್ಟದ್ದು ಚಿಕಿತ್ಸೆಯ ವಿವರ. ಹೊಟ್ಟೆನೋವೆಂದು ಹತ್ತೂ ಐವತ್ತಕ್ಕೆ ಹೇಳಿದ್ದ, ನಾನು ಮತ್ತೆ ನೋಡಿದ್ದು ಎರಡೂ ನಲವತ್ತಕ್ಕೆ ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ವಿಚಾರಣೆ ನಡೆಯಿತು, ಛೀಮಾರಿಯೂ ಆಯಿತು. ಮೇಷ್ಟ್ರ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿ ಬಂದೆ. ಟೆಂಪೋ ನಿಲ್ದಾಣದಲ್ಲಿ ಬಡಿದವರು ಯಾರೆಂದು ಹೇಳಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ.

ಅವನು ಸತ್ತ ಮರುದಿನ ಚಿಕ್ಕಬಳ್ಳಾಪುರಕ್ಕೆ ಹೆಣ ತೆಗೆದುಕೊಳ್ಳಲು ಮನೆಯವರೆಂದು ಅವನ ತಾಯಿ ಒಬ್ಬರೇ ಬಂದಿದ್ದರು, ಜೊತೆಗೆ ಒಬ್ಬ ಟೆಂಪೋ ಚಾಲಕ. ಹೇಳಿಕೆ ಕೊಡಲು ನಾನೂ ಅಲ್ಲೇ ಇದ್ದೆ. ಆಕೆ ನನ್ನನ್ನು ಹುಡುಕಿಕೊಂಡು ಹತ್ತಿರ ಬಂದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಕಡೇಗಳಿಗೇಲಿ ಜೊತ್ಗಿದ್ದೋರು ನೀವೇ ಅಂತೆ, ಹೌದೇನಮ್ಮ?"

"ಹೌದಮ್ಮ."

"ಬಾಯಿಗೆ ಒಂಚೂರು ನೀರು ಬಿಟ್ರಾ?"

ಸುಳ್ಳು ಬರೆಯಬಾರದೆಂಬ ಒಂದೇ ನೇಮವನ್ನು ನಾನು ಈ ಕೆಲಸದಲ್ಲಿ ಬಿಡದೆ ಹಿಡಿದುಕೊಂಡು ಬಂದವಳು. ಚೀಲದಲ್ಲಿ ಅದೇ ಬಾಟಲಿ ಇತ್ತು, ಮುಚ್ಚಳ ತೆಗೆಯದೆ, ತುಂಬಿದ್ದು ತುಂಬಿದ ಹಾಗೇ.

"ಬಿಟ್ಟೆ ಅಮ್ಮ" ಎಂದೆ.

ಆಕೆ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮಗನ ಹೆಣದ ಹಿಂದೆ ಟೆಂಪೋ ಹತ್ತಿ ಹೋದರು.